ಸಾವಿರ ವರ್ಷದ ಕದಿರಮ್ಮ

ಅನಿತ ನನ್ನನ್ನು ಹುಡುಕಿಕೊಂಡು ಬಂದದ್ದು ಒಂದು ರೊಟ್ಟಿಯ ದೆಸೆಯಿಂದ. ಮುಳಬಾಗಲಿನ ಹತ್ತಿರ, ಹೆದ್ದಾರಿಯ ಪಕ್ಕದ ಒಂದು ಢಾಬಾದಲ್ಲಿ ಊಟಕ್ಕೆ ಕೂತಿದ್ದಳಂತೆ. ರೊಟ್ಟಿ ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಎದ್ದು ಹೋಗಿ ತಂದೂರಿ ಒಲೆಯ ಮುಂದೆ ನಿಂತಳಂತೆ. ಒಲೆಯ ಕಂಠದ ಕೆಳಗೆ ಸಾಲಾಗಿ ಮೂರು ಹೆಬ್ಬೆಟ್ಟಿನ ಗುರುತು. ಅದನ್ನು ನೋಡಿದ್ದೇ ಹಸಿವು ಹಾರಿಹೋಯಿತು, ರೊಟ್ಟಿ ತಿನ್ನದೆಯೇ ಎದ್ದು ಬಂದೆ ಎಂದಳು. ಒಲೆ ಮಾಡಿದವಳಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕೆ?

ನಮ್ಮ ಮನೆ ಇರುವುದು ಮಾಸ್ತಿಯಿಂದ ಮಾಲೂರಿಗೆ ಹೋಗುವ ಬಸ್ಸಿನ ದಾರಿಯಲ್ಲಿ. ನಮ್ಮದು ಮಣ್ಣಿನ ಕೆಲಸದ ಮನೆತನ. ಹಿಂದೆಲ್ಲ ನಮ್ಮ ಮನೆಯ ಹೆಂಗಸರು ವಾಡೆ ಕಟ್ಟುತ್ತಿದ್ದರು. ವಾಡೆ ಎಂದರೆ ವರ್ಷದ ರಾಗಿ ತುಂಬಿಡುವ, ಎದೆಯೆತ್ತರದ ಸುಟ್ಟ ಮಣ್ಣಿನ ಪಾತ್ರೆ. ಪ್ಲಾಸ್ಟಿಕ್ ಡ್ರಮ್ಮು ಬಂದ ಮೇಲೆ ವಾಡೆ ಕೇಳುವವರು ಇಲ್ಲವಾದರು. ಈಗ ನಾನು ಢಾಬಾಗಳಿಗೆ ತಂದೂರಿ ಒಲೆ ಮಾಡುತ್ತೇನೆ. ಅದೇ ಮಣ್ಣು, ಅದೇ ಕೈ. ರಾಗಿಯ ಜಾಗದಲ್ಲಿ ಬೆಂಕಿ ತುಂಬುತ್ತಾರೆ, ಅಷ್ಟೇ ವ್ಯತ್ಯಾಸ.

ಅನಿತ ಚಪ್ಪರದ ಕೆಳಗೆ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ಮೂವತ್ತೈದರ ಆಸುಪಾಸಿನ ಹೆಂಗಸು, ಕತ್ತಿನಲ್ಲಿ ಗುರುತಿನ ಚೀಟಿ, ಕಾಲಲ್ಲಿ ಶೂ.

“ಆ ಒಲೆ ಮೇಲಿರೋ ಹೆಬ್ಬೆಟ್ಟು ಯಾರದು?” ಎಂದಳು.

“ನಂದೇ. ಯಾಕಮ್ಮ, ಒಲೆ ಏನಾದ್ರೂ ಬಿರುಕು ಬಿಡ್ತಾ?”

ಅವಳು ಬೆಂಗಳೂರಿನ ಯಾವುದೋ ಸಂಶೋಧನೆಯವಳು. ಹಿಂದಿನ ಕಾಲದವರು ಏನು ತಿನ್ನುತ್ತಿದ್ದರು ಎಂದು ಹಳೆಯ ವಾಡೆಗಳ ಒಳಗಿನ ಧೂಳು ಕೆರೆದು ನೋಡುವುದು ಅವಳ ಕೆಲಸವಂತೆ. ರಾಗಿ ತಿನ್ನುತ್ತಿದ್ದರು ಎಂದು ನಾನೇ ಹೇಳುತ್ತಿದ್ದೆ. ಹಾಗೆ ಕೆರೆಯಲು ಹೋದಾಗ ಮೂರು ವಾಡೆಗಳ ಮೇಲೆ ಈ ಹೆಬ್ಬೆಟ್ಟು ಕಂಡಿದೆ. ಫೋನಿನಲ್ಲಿ ಒಂದೊಂದೇ ಚಿತ್ರ ತೋರಿಸಿದಳು. ಮುಳಬಾಗಲಿನ ಒಂದು ಮನೆಯ ವಾಡೆ, ಅರವತ್ತು ವರ್ಷದ್ದು. ಗೌನಿಪಲ್ಲಿಯ ವಾಡೆ, ನೂರು ವರ್ಷದ್ದು. ಕುರುಡುಮಲೆಯ ಹೊಲದಲ್ಲಿ ನೇಗಿಲಿಗೆ ಸಿಕ್ಕ, ವಾಡೆಯ ಕಂಠದಿಂದ ತಳದವರೆಗಿನ ಒಂದು ದೊಡ್ಡ ಚೂರು, ಸಾವಿರ ವರ್ಷದ್ದು. ಕೊನೆಗೆ ನನ್ನ ಒಲೆ, ಆರು ತಿಂಗಳದ್ದು.

“ಎಲ್ಲಾ ಒಂದೇ ಬೆರಳು ಕದಿರಮ್ಮನವ್ರೇ. ಕಂಪ್ಯೂಟರಿಗೆ ಹತ್ತು ಸಲ ಹಾಕಿದೆ. ಅವಳಿ ಮಕ್ಕಳಿಗೂ ಹೆಬ್ಬೆಟ್ಟು ಬೇರೆ ಇರುತ್ತೆ. ಇದು ಒಬ್ಬಳೇ ಹೆಂಗಸು ಸಾವಿರ ವರ್ಷದಿಂದ ವಾಡೆ ಕಟ್ತಾ ಇದ್ದ ಹಾಗಿದೆ.”

ನನಗೆ ನಗು ಬಂತು. “ಅದಕ್ಕೆ ಕಂಪ್ಯೂಟರ್ ಯಾಕೆ ಬೇಕಿತ್ತು? ನನ್ನೇ ಕೇಳಿದ್ರೆ ಹೇಳ್ತಿದ್ನಲ್ಲ” ಎಂದೆ.

ನಮ್ಮ ಮನೆಯಲ್ಲಿ ಇದು ಗುಟ್ಟೇನೂ ಅಲ್ಲ, ಹೊರಗಿನವರು ನಂಬುವುದಿಲ್ಲವೆಂದು ಹೇಳುವುದಿಲ್ಲ ಅಷ್ಟೇ. ನಮ್ಮ ಮನೆಯ ಹೆಂಗಸಿಗೆ ಹುಟ್ಟುವುದು ಒಂದೇ ಹೆಣ್ಣು. ಆ ಹೆಣ್ಣಿಗೆ ತಾಯಿಯದೇ ಮುಖ, ತಾಯಿಯದೇ ದನಿ, ತಾಯಿಯದೇ ಹೆಬ್ಬೆಟ್ಟು. ಮನೆಗೆ ಬಂದ ಗಂಡಸರ ಪಾಡು ಪಾಪ. ನನ್ನ ಗಂಡ ಆವಲಪ್ಪ ಹಾಲಿನ ವ್ಯಾನ್ ಓಡಿಸುತ್ತಾನೆ. ಮಗಳು ತ್ರಿವೇಣಿ ಹುಟ್ಟಿದ ದಿನ ಅವಳ ಕೈಕಾಲು ತಿರುವಿ ತಿರುವಿ ನೋಡಿ, “ನಂದು ಅಂತ ಒಂದು ಉಗುರೂ ಇಲ್ವಲ್ಲೇ” ಎಂದಿದ್ದ. ಈಗಲೂ ವರ್ಷಕ್ಕೊಂದು ಸಲ ಅನ್ನುತ್ತಾನೆ.

ನಾವು ಸಾಯುವುದಿಲ್ಲ, ದೇಹ ಬದಲಾಯಿಸುತ್ತೇವೆ. ಹಾಗೆಂದು ನನಗೆ ಅವ್ವ ಹೇಳಿದ್ದಳು, ಅವಳಿಗೆ ಅವಳ ಅವ್ವ. ತಾಯಿಯ ಉಸಿರು ನಿಂತ ಮೇಲೆ ಅವಳು ಮಗಳ ಒಳಗೆ ಬರುತ್ತಾಳೆ, ಅವಳ ನೆನಪೆಲ್ಲ ಮಗಳಿಗೆ ಬರುತ್ತದೆ. ಅದಕ್ಕೇ ನಮ್ಮಲ್ಲಿ ತಾಯಿ ಹೋದರೆ ಅಳುವಂತಿಲ್ಲ. ತಿಥಿಯಿಲ್ಲ, ಫೋಟೋಗೆ ಹಾರವಿಲ್ಲ. ಅವತ್ತೂ ಎಂದಿನಂತೆ ಮುದ್ದೆ ಬೇಯುತ್ತದೆ. ಮಗಳು ತಾಯಿಯ ಹೆಸರು ಇಟ್ಟುಕೊಳ್ಳುತ್ತಾಳೆ. ಇಪ್ಪತ್ತೆಂಟು ವರ್ಷದವರೆಗೆ ನಾನು ಭಾರತಿ. ಆಮೇಲೆ ಕದಿರಮ್ಮ. ತಾಯಿ ಹೋದ ತಿಂಗಳಲ್ಲಿ ಮಗಳು ತನ್ನ ಕೈಯಾರೆ ಒಂದು ವಾಡೆ ಕಟ್ಟಿ, ಮೂರು ಹೆಬ್ಬೆಟ್ಟು ಒತ್ತಿ, ಬೇರೆ ಊರಿನ ಮನೆಗೆ ಕೊಟ್ಟುಬಿಡಬೇಕು. ಆ ವಾಡೆಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ನೋಡಲೂ ಹೋಗಬಾರದು.

ಈ ಸುದ್ದಿ ಕೇಳಿ ಹಿಂದೆಯೂ ಜನ ಬಂದಿದ್ದರಂತೆ. ಯಾವನೋ ಪಾಳೇಗಾರ ನಮ್ಮವಳೊಬ್ಬಳನ್ನು ಕೋಟೆಯಲ್ಲಿ ಕೂಡಿಹಾಕಿ, ಸಾಯದ ಮದ್ದು ಅರೆದುಕೊಡು ಎಂದು ಕೂತಿದ್ದನಂತೆ. ಅವಳು ಮೂರು ತಿಂಗಳು ಹುರುಳಿ ಕಟ್ಟು ಕುಡಿಸಿ ತಪ್ಪಿಸಿಕೊಂಡು ಬಂದಳು. ಚಿನ್ನದ ಗಣಿಯ ಬಿಳಿ ಡಾಕ್ಟರೊಬ್ಬ ನಮ್ಮಜ್ಜಿಯ ತಾಯಿಯ ರಕ್ತವನ್ನು ಗಾಜಿನ ಬುಡ್ಡಿಯಲ್ಲಿ ತುಂಬಿಕೊಂಡು ಹೋದ, ಮತ್ತೆ ಬರಲಿಲ್ಲ. ಈಗ ಅನಿತಳ ಸರದಿ. ಅವಳು ನನ್ನದೂ ತ್ರಿವೇಣಿಯದೂ ಎಂಜಲು ಮಾತ್ರ ತೆಗೆದುಕೊಂಡು, “ಒಂದು ತಿಂಗಳು ಬೇಕು” ಎಂದು ಹೋದಳು. ಕಾಲ ಸುಧಾರಿಸಿದೆ.

ಆ ತಿಂಗಳಲ್ಲೇ ನಾನು ಮಣ್ಣು ತುಳಿಯುತ್ತಿದ್ದವಳು ಕಣ್ಣು ಕತ್ತಲಿಟ್ಟು ಬಿದ್ದೆ. ಆವಲಪ್ಪ ಹಾಲಿನ ವ್ಯಾನಿನಲ್ಲೇ ಕೋಲಾರದ ಆಸ್ಪತ್ರೆಗೆ ಹಾಕಿಕೊಂಡು ಹೋದ. ಡಾಕ್ಟರಮ್ಮ ಎದೆಗೆ ಮಿಷನ್ನು ಇಟ್ಟು ನೋಡಿದಳು. ಹೃದಯದ ಒಂದು ಕವಾಟ ಕಿರಿದಾಗಿದೆ, ಬದಲಾಯಿಸಬೇಕು ಎಂದಳು. “ನಿಮ್ಮ ತಾಯಿ ಯಾವುದರಲ್ಲಿ ತೀರಿಕೊಂಡರು?” ಎಂದು ಕೇಳಿದಳು. “ನಮ್ಮ ತಾಯಿ ತೀರಿಕೊಂಡಿಲ್ಲ” ಎಂದೆ. “ಎಲ್ಲಿದ್ದಾರೆ?” “ಇಲ್ಲೇ” ಎಂದು ಎದೆ ಮುಟ್ಟಿ ತೋರಿಸಿದೆ. ಡಾಕ್ಟರಮ್ಮ ಆವಲಪ್ಪನ ಮುಖ ನೋಡಿದಳು. ಅವನು ಮೇಲೆ ಫ್ಯಾನು ನೋಡಿದ.

ಶುಕ್ರವಾರದೊಳಗೆ ಒಪ್ಪಿಗೆ ಹೇಳಿದರೆ ಸೋಮವಾರ ಆಪರೇಷನ್. ಇಲ್ಲದಿದ್ದರೆ ಮುಂದಿನ ಪಾಳಿ ಮೂರು ತಿಂಗಳಿಗೆ, ಅಲ್ಲಿಯವರೆಗೆ ಎದೆ ತಡೆಯುತ್ತದೆಂದು ತಾನು ಹೇಳಲಾರೆ ಎಂದಳು. ನಾನು ಬೇಡವೆಂದು ಎದ್ದುಬಂದೆ. ನಮ್ಮಲ್ಲಿ ಯಾರೂ ಆಸ್ಪತ್ರೆಗೆ ಮಲಗಿದವರಿಲ್ಲ. ಬದುಕಿಸಿ ಎಂದು ಕೈಚಾಚಿದರೆ, ಸಾಯುತ್ತೇವೆ ಎಂದು ಒಪ್ಪಿಕೊಂಡಂತೆ ಅಲ್ಲವೇ?

ನನ್ನನ್ನು ಹೆದರಿಸಿದ್ದು ಕವಾಟವಲ್ಲ, ತ್ರಿವೇಣಿ. ಇಪ್ಪತ್ತೇಳು ವರ್ಷದ ಹುಡುಗಿ, ಮಾಲೂರಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುವ ಕೆಲಸ. ಕೂದಲೆಳೆಯಷ್ಟು ಗೀರಿದ್ದರೂ ಕಂಡುಹಿಡಿಯುವ ಕಣ್ಣು. ಅಂಥವಳು ಸುದ್ದಿ ಕೇಳಿ, ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲೂ ಇಲ್ಲ.

“ಯಾಕಮ್ಮ ಸುಮ್ನೆ ಎದೆ ಕೊಯ್ಸ್ಕೊಂಡು ನೋವು ತಿಂತೀಯ? ಇಷ್ಟ ಇಲ್ದಿದ್ರೆ ಬಿಡು. ನೀನು ಎಲ್ಲಿಗೆ ಹೋಗ್ತೀಯ, ಇಲ್ಲಿಗೆ ತಾನೆ ಬರೋದು?” ಎಂದು ನಕ್ಕಳು. ಅವಳ ಮುಖದಲ್ಲಿ ಎಳ್ಳಷ್ಟೂ ಭಯವಿರಲಿಲ್ಲ. ಅವಳಿಗೆ ಅಷ್ಟು ಧೈರ್ಯ ಕೊಟ್ಟವಳು ನಾನೇ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಹೇಳಿಬಿಡುತ್ತೇನೆ. ಅವ್ವ ನನ್ನೊಳಗೆ ಬರಲಿಲ್ಲ.

ಮೂವತ್ತೊಂದು ವರ್ಷದ ಹಿಂದೆ, ಇದೇ ಚಪ್ಪರದ ಕೆಳಗೆ, ಹಗ್ಗದ ಮಂಚದ ಮೇಲೆ ಅವ್ವ ಹೋದಳು. ಕೊನೆಯ ನಾಲ್ಕು ದಿನ ಕೂತೇ ಉಸಿರಾಡುತ್ತಿದ್ದಳು. “ಅಳಬೇಡ ಕಣೇ ಭಾರತಿ. ಕಣ್ಣು ಒರೆಸ್ಕೊ. ನಾನು ಬರ್ತೀನಿ” ಎಂದಳು. ನಾನು ಕಣ್ಣು ಒರೆಸಿಕೊಂಡೆ, ಮುದ್ದೆಗೆ ಎಸರಿಟ್ಟೆ, ಕಾದೆ. ಬಾಗಿಲು ತೆರೆದಿಟ್ಟುಕೊಂಡು ಕೂತವಳ ಹಾಗೆ ಕಾದೆ. ಒಂದು ವಾರ, ಒಂದು ತಿಂಗಳು, ಒಂದು ವರ್ಷ. ಒಂದು ದಿನ ಹಿತಕಿದ ಬೇಳೆ ಸಾರು ಥೇಟ್ ಅವಳು ಮಾಡಿದಂತೆಯೇ ಬಂತು. ಸೌಟು ಕೈಯಲ್ಲೇ ಹಿಡಿದು, “ಬಂದ್ಯಾ ಅವ್ವ?” ಎಂದೆ. ಯಾರೂ ಮಾತಾಡಲಿಲ್ಲ. ನನ್ನ ಕೈಗೆ ಅಡಿಗೆ ಬಂದಿತ್ತು, ಅಷ್ಟೇ.

ಅವಳ ಒಂದು ನೆನಪೂ ನನಗೆ ಬರಲಿಲ್ಲ. ಆದರೆ ಊರಿನವರು ಬಿಡಬೇಕಲ್ಲ. ಅವ್ವನ ಗೆಳತಿ ಬೈರಮ್ಮ ಬಂದು, “ಕದಿರಮ್ಮಾ, ಹುಡುಗೀರಾಗಿದ್ದಾಗ ಕೆರೆ ಕೋಡಿ ಹತ್ರ ನಾವಿಬ್ರೂ ಏನೋ ಆಣೆ ಮಾಡಿದ್ವಲ್ಲ, ನೆನಪೈತಾ?” ಎಂದಳು. ನಾನು ಸೋತವಳಲ್ಲ. “ಅದನ್ನೆಲ್ಲ ಎದುರಿಗೆ ಆಡೋಕಾಗುತ್ತಾ ಬೈರಮ್ಮಾ?” ಎಂದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಾಚಿಕೊಂಡಳು. ಹೀಗೆ ಮೂವತ್ತೊಂದು ವರ್ಷ ಬದುಕಿದೆ. ಸಾವಿರ ವರ್ಷ ಕೈಯಿಂದ ಕೈಗೆ ಬಂದದ್ದು ನನ್ನ ಕೈಯಲ್ಲಿ ಒಡೆಯಿತು, ನಾನೇ ಸರಿಯಿಲ್ಲದವಳು ಎಂದು ನಂಬಿಕೊಂಡು ಬದುಕಿದೆ. ತ್ರಿವೇಣಿಗೆ ಮಾತ್ರ, “ನಿಮ್ಮಜ್ಜಿ ನನ್ನಲ್ಲೇ ಇದಾಳೆ ಕಣೇ, ನಾನು ನಿನ್ನಲ್ಲಿ ಬರ್ತೀನಿ” ಎಂದು ಹಾಲು ಕುಡಿಸುವಾಗಿನಿಂದ ಹೇಳುತ್ತಾ ಬಂದೆ. ತಾಯಿಯಿಲ್ಲದವಳಾಗುವುದು ಏನೆಂದು ಅವಳಿಗೆ ಗೊತ್ತಾಗುವುದು ನನಗೆ ಬೇಕಿರಲಿಲ್ಲ.

ಬುಧವಾರ ಅನಿತ ಮತ್ತೆ ಬಂದಳು. ಅವತ್ತು ತ್ರಿವೇಣಿಗೆ ವಾರದ ರಜೆ, ಪಕ್ಕದಲ್ಲೇ ಕೂತಿದ್ದಳು.

“ಮಗುಗೆ ಅರ್ಧ ಅಪ್ಪನಿಂದ ಬರುತ್ತೆ, ಅರ್ಧ ಅಮ್ಮನಿಂದ. ತ್ರಿವೇಣಿಗೆ ಪೂರ್ತಿ ನಿಮ್ಮಿಂದಾನೇ ಬಂದಿದೆ” ಎಂದಳು ಅನಿತ. “ಶ್ರೀನಿವಾಸಪುರದಲ್ಲಿ ಮಾವಿನ ಕಸಿ ಕಟ್ತಾರಲ್ಲ, ಹಾಗೆ. ಗಿಡ ಹೊಸದು, ಮರ ಹಳೇದೇ. ಹೇಗೆ ಅಂತ ನನಗೆ ಗೊತ್ತಿಲ್ಲ. ಪ್ರಪಂಚದಲ್ಲಿ ಇನ್ನೊಂದು ಮನೆ ಹೀಗಿರೋದು ನಾನು ಕೇಳಿಲ್ಲ. ನಿಮ್ಮ ದೇಹ ಸಾವಿರ ವರ್ಷದಿಂದ ಸತ್ತೇ ಇಲ್ಲ.”

“ನನಗೊಂದು ಉಗುರೂ ಇಲ್ಲ ಅನ್ನು” ಎಂದ ಆವಲಪ್ಪ ಒಳಗಿನಿಂದ.

ಅನಿತ ನಗಲಿಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. “ಒಂದು ಕೇಳ್ತೀನಿ. ಇದು ಸಂಶೋಧನೆಗಲ್ಲ, ನನಗೆ. ಹೋದ ವರ್ಷ ಯುಗಾದಿ ಮುಂಚೆ ನಮ್ಮಮ್ಮ ಹೋದ್ರು. ದೇಹ ಒಂದೇ ಅಂತ ನಾನು ಹೇಳಬಲ್ಲೆ. ಒಳಗಿರೋರು? ನಿಮ್ಮ ತಾಯಿ ನಿಜವಾಗ್ಲೂ ವಾಪಸ್ ಬಂದ್ರಾ?”

ತ್ರಿವೇಣಿ ನನ್ನನ್ನು ನೋಡುತ್ತಿದ್ದಳು. ಅನಿತಳೂ ನೋಡುತ್ತಿದ್ದಳು. ಇಬ್ಬರು ಮಕ್ಕಳ ಮುಂದೆ ನಾನು ಏನು ಹೇಳಲಿ?

“ಬಂದಳು ಕಣಮ್ಮ. ನನ್ನೊಳಗೇ ಇದಾಳೆ” ಎಂದೆ. ಅನಿತಳ ಕಣ್ಣು ತುಂಬಿತು. ತ್ರಿವೇಣಿ ಅವಳಿಗೆ ಕಾಫಿ ತರಲು ಹೆಮ್ಮೆಯಿಂದ ಎದ್ದು ಹೋದಳು. ನನ್ನ ಎದೆಯೊಳಗಿನ ಕವಾಟ ಅವತ್ತಿನಷ್ಟು ಯಾವತ್ತೂ ನೊಂದಿರಲಿಲ್ಲ.

ಹೊರಡುವ ಮುಂಚೆ ಅನಿತ ಫೋನಿನಲ್ಲಿ ಇನ್ನೊಂದು ಚಿತ್ರ ತೋರಿಸಿದಳು. ಕುರುಡುಮಲೆಯ ಆ ಚೂರನ್ನು ಮಗುಚಿದರೆ ಒಳಮೈಯಲ್ಲಿ ಏನೋ ಗೀಚಿತ್ತಂತೆ. ವಾಡೆಯ ತಳದ ಹತ್ತಿರ, ರಾಗಿ ತುಂಬಿದರೆ ಯಾರಿಗೂ ಕಾಣದ ಜಾಗದಲ್ಲಿ.

“ಶಾಸನ ಓದೋ ಮೇಷ್ಟ್ರ ಹತ್ರ ಓದಿಸಿದೆ. ಹಳೇ ಕನ್ನಡ, ಎರಡೇ ಪದ. ‘ಅಬ್ಬೆ ಬಾರಳ್’. ಅಂದ್ರೆ, ತಾಯಿ ಬರೋದಿಲ್ಲ. ಯಾರೋ ಹೊಸದಾಗಿ ಮದುವೆಯಾದ ಹುಡುಗಿ ತವರಿನವರಿಗೆ ಕಾದು ಕಾದು ಬರೆದಿರಬೇಕು ಅಂತ ನಮ್ಮಲ್ಲಿ ಅಂದ್ಕೊಂಡಿದೀವಿ.”

ನಾನು ಚಪ್ಪರದ ಕಂಬ ಹಿಡಿದುಕೊಂಡೆ. ಮೂವತ್ತೊಂದು ವರ್ಷದ ಹಿಂದೆ ನಾನು ಕಟ್ಟಿದ ವಾಡೆ ಇನ್ನೂ ಹಸಿಯಿದ್ದಾಗ, ಯಾರೂ ಇಲ್ಲದ ಹೊತ್ತು ನೋಡಿ, ಒಳಗೆ ತಲೆ ತೂರಿಸಿ, ತಲೆಯ ಪಿನ್ನಿನಿಂದ ತಳದ ಹತ್ತಿರ ಗೀಚಿದ್ದೆ. ‘ಅವ್ವ ಬರಲಿಲ್ಲ.’ ಯಾರಿಗಾದರೂ ಹೇಳದೆ ಇರಲಾಗಲಿಲ್ಲ, ಮಣ್ಣಿಗೆ ಹೇಳಿದೆ. ಆ ವಾಡೆಯನ್ನು ಮಾಸ್ತಿಯ ಒಂದು ಮನೆಗೆ ಕೊಟ್ಟಿದ್ದೆ. ಹತ್ತು ವರ್ಷದ ಹಿಂದೆ ಅವರು ಮನೆ ಕೆಡವಿದಾಗ ಜೆಸಿಬಿಯ ಕೆಳಗೆ ಅದು ಪುಡಿಪುಡಿಯಾಯಿತು. ನೋಡಲು ಹೋಗಬಾರದೆಂಬ ನೇಮ ಮುರಿದು ನಾನೇ ಹೋಗಿ ನಿಂತು ನೋಡಿದ್ದೆ, ಸದ್ಯ ಹೋಯಿತಲ್ಲ ಎಂದು. ಅದನ್ನು ಓದಿದವರು ಭೂಮಿಯ ಮೇಲೆ ಯಾರೂ ಇರಲಿಲ್ಲ.

“ಅನಿತ, ನಾಳೆ ಆ ಮಿಕ್ಕ ಎರಡು ವಾಡೆಗಳ ಹತ್ರ ಕರ್ಕೊಂಡು ಹೋಗ್ತೀಯಾ?” ಎಂದೆ. ನೇಮ ಒಂದು ಸಲ ಮುರಿದವಳಿಗೆ ಎರಡನೇ ಸಲ ಏನು?

ಗುರುವಾರ ಬೆಳಗ್ಗೆ ತ್ರಿವೇಣಿ ಕೆಲಸಕ್ಕೆ ಹೋದ ಮೇಲೆ ಅನಿತಳ ಕಾರಿನಲ್ಲಿ ಹೊರಟೆವು. ಕೋಲಾರ ದಾಟುವಾಗ ಆಸ್ಪತ್ರೆಯ ಬೋರ್ಡು ಕಂಡಿತು, ನಾನು ಆಚೆ ಕಡೆ ನೋಡಿದೆ. ಶ್ರೀನಿವಾಸಪುರ ದಾಟಿದ ಮೇಲೆ ಎರಡೂ ಕಡೆ ಮಾವಿನ ತೋಪು, ಮರ ತುಂಬ ಹೂವು. ಅನಿತ ದಾರಿಯುದ್ದಕ್ಕೂ ತನ್ನ ಅಮ್ಮನ ವಿಷಯ ಹೇಳುತ್ತಿದ್ದಳು. ಅಮ್ಮ ಹಾಡು ಗುನುಗುತ್ತಾ ಇಸ್ತ್ರಿ ಮಾಡುತ್ತಿದ್ದರಂತೆ, ಹಾಡಿನ ಎರಡನೇ ಸಾಲು ಯಾವತ್ತೂ ತಪ್ಪುತ್ತಿದ್ದರಂತೆ. ನಾನು ಹೂಂಗುಟ್ಟುತ್ತಿದ್ದೆ.

ಗೌನಿಪಲ್ಲಿಯ ಮನೆಯಾಕೆ ರಾಮಲಕ್ಷ್ಮಮ್ಮ ನನ್ನನ್ನು ನೋಡಿದ್ದೇ ಬಾಗಿಲಲ್ಲಿ ನಿಂತುಬಿಟ್ಟಳು. ಅವಳಿಗೆ ಎಂಬತ್ತರ ಮೇಲೆ. ಚಿಕ್ಕವಳಿದ್ದಾಗ ಸಂತೆಯಲ್ಲಿ ನಮ್ಮಜ್ಜಿಯನ್ನು ನೋಡಿದ್ದಳು.

“ಅಯ್ಯೋ ನಾ ತಲ್ಲೀ! ಕದಿರಮ್ಮಾ, ನುವ್ವಾ? ಅವತ್ತು ಹೆಂಗಿದ್ಯೋ ಹಂಗೇ ಇದೀಯಲ್ಲೇ!” ಎಂದು ತೆಲುಗು ಕನ್ನಡ ಬೆರೆಸಿ ಅನ್ನುತ್ತಾ ನನ್ನ ಗಲ್ಲ ಹಿಡಿದಳು. ನಾನು ಹೂಂ ಎಂದೆ. ಇನ್ನೇನು ಅನ್ನಲಿ?

ವಾಡೆ ಅಡಿಗೆಮನೆಯ ಮೂಲೆಯಲ್ಲಿತ್ತು. ಇದು ನನ್ನ ಅಜ್ಜಿ, ಅವಳ ತಾಯಿ ಹೋದ ತಿಂಗಳಲ್ಲಿ ಕಟ್ಟಿದ್ದು. ಈಗ ಅದರಲ್ಲಿ ಹುಣಸೆಹಣ್ಣು ತುಂಬಿದ್ದರು. ಮೂವರೂ ಸೇರಿ ಹುಣಸೆಹಣ್ಣು ತೆಗೆದು ಗೋಣಿಯ ಮೇಲೆ ಹರಡಿದೆವು. ಅನಿತ ತಂತಿಯ ತುದಿಯಲ್ಲಿ ದೀಪವಿದ್ದ ಪುಟ್ಟ ಕ್ಯಾಮೆರಾ ಇಳಿಬಿಟ್ಟಳು. ಫೋನಿನಲ್ಲಿ ತಳ ಕಂಡಿತು, ತಳದ ಹತ್ತಿರ ದುಂಡು ದುಂಡನೆಯ ಅಕ್ಷರ. ತೆಲುಗು. ನನಗೆ ತೆಲುಗು ಮಾತು ಬರುತ್ತದೆ, ಓದು ಬರುವುದಿಲ್ಲ. ರಾಮಲಕ್ಷ್ಮಮ್ಮ ಕನ್ನಡಕ ಏರಿಸಿಕೊಂಡು ಅಕ್ಷರ ಕೂಡಿಸಿ ಓದಿದಳು.

“ಅ... ಮ್ಮ... ರಾಲೇದು. ಅಮ್ಮ ರಾಲೇದು. ಅಮ್ಮ ಬರಲಿಲ್ಲ ಅಂತ. ಯಾರು ಬರೆದ್ರೋ ಪಾಪ. ನೂರು ವರ್ಷದಿಂದ ಇದೇ ವಾಡೆಯಿಂದ ಉಣ್ತಾ ಇದೀವಿ, ನಮಗೆ ಗೊತ್ತೇ ಇಲ್ಲ ನೋಡು!”

ಅನಿತ ನನ್ನ ಮುಖ ನೋಡಿದಳು. ಅವಳು ಬುದ್ಧಿವಂತೆ, ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಾರಿಗೆ ಬಂದು ಕೂತರೂ ಬೀಗದ ಕೈ ತಿರುಗಿಸಲಿಲ್ಲ.

“ಹಾಗಾದ್ರೆ ನೀವು ನಿನ್ನೆ ನನಗೆ ಹೇಳಿದ್ದು...”

“ಸುಳ್ಳು ಕಣಮ್ಮ. ನನ್ನ ಮಗಳ ಮುಂದೆ ಬೇರೆ ಏನೂ ಹೇಳೋಕಾಗ್ಲಿಲ್ಲ. ನಿನ್ನ ಮುಖ ನೋಡಿಯೂ ಹೇಳೋಕಾಗ್ಲಿಲ್ಲ. ತಪ್ಪಾಯ್ತು.”

“ನಮ್ಮಮ್ಮನ ಸೀರೆಗಳನ್ನ ನಾನಿನ್ನೂ ಇಸ್ತ್ರಿ ಮಾಡಿಸಿ ಇಡ್ತೀನಿ” ಎಂದಳು. ಆಮೇಲೆ ಕಣ್ಣೊರೆಸಿಕೊಂಡು ಕಾರು ಹೊರಡಿಸಿದಳು. ನಾನು ಅವಳ ಭುಜದ ಮೇಲೆ ಕೈಯಿಟ್ಟುಕೊಂಡೇ ಮುಳಬಾಗಲಿನವರೆಗೆ ಹೋದೆ.

ಮುಳಬಾಗಲಿನ ವಾಡೆ ಅವ್ವನದು. ನಮ್ಮಜ್ಜಿ ಹೋದ ತಿಂಗಳು ಕಟ್ಟಿದ್ದು, ಆಗ ನಾನು ಅವಳ ಹೊಟ್ಟೆಯಲ್ಲಿ ಆರು ತಿಂಗಳ ಕೂಸು. ಮನೆ ಚನ್ನರಾಯಪ್ಪ ಎಂಬ ನಿವೃತ್ತ ಮೇಷ್ಟ್ರದು. ಹಿತ್ತಿಲ ಜಗುಲಿಯ ಮೇಲೆ ವಾಡೆ ಅಡ್ಡ ಮಲಗಿತ್ತು, ಅದರೊಳಗೆ ಒಂದು ಕೋಳಿ ಕಾವಿಗೆ ಕೂತಿತ್ತು.

“ಕೋಳಿ ಎಬ್ಬಿಸೋದು ಮಾತ್ರ ಬೇಡಮ್ಮಾ, ಇನ್ನು ಎರಡು ದಿನಕ್ಕೆ ಮರಿ ಬರುತ್ತೆ” ಎಂದರು ಮೇಷ್ಟ್ರು. ನಾನು ಕೋಳಿಗೆ ತೊಂದರೆ ಕೊಡುವುದಿಲ್ಲ ಎಂದು ಮಾತು ಕೊಟ್ಟು, ಮಂಡಿಯೂರಿ, ಟಾರ್ಚು ಹಿಡಿದು ತಲೆ ಒಳಗೆ ಹಾಕಿದೆ. ಕೋಳಿ ಒಂದು ಸಲ ಕೊಕ್ಕರಿಸಿ ಸುಮ್ಮನಾಯಿತು. ತಳದ ಹತ್ತಿರ ಅವ್ವನ ಅಕ್ಷರ. ಅವಳು ಓದಿದ್ದು ಮೂರನೇ ಕ್ಲಾಸು. ‘ರ’ವನ್ನು ಯಾವಾಗಲೂ ಬಾಲ ಉದ್ದ ಮಾಡಿ ಬರೆಯುತ್ತಿದ್ದಳು, ಇಲ್ಲೂ ಹಾಗೇ ಇತ್ತು.

‘ಅವ್ವ ಬರಲಿಲ್ಲ. ಹೊಟ್ಟೇಲಿರೋದಕ್ಕೆ ಹೇಳೋದಿಲ್ಲ.’

ಎಷ್ಟು ಸಲ ಓದಿದೆನೋ. ಹೊಟ್ಟೆಯಲ್ಲಿದ್ದದ್ದು ನಾನು. ಅವಳೂ ಬಾಗಿಲು ತೆರೆದಿಟ್ಟುಕೊಂಡು ಕಾದಿದ್ದಳು. ಅವಳೂ ಊರಿನವರ ಮುಂದೆ ನಕ್ಕಿದ್ದಳು. ತನಗೆ ಯಾರೂ ಬರಲಿಲ್ಲವೆಂದು ಗೊತ್ತಿದ್ದೂ, ಕೂತೇ ಉಸಿರಾಡುತ್ತಿದ್ದ ಆ ಕೊನೆಯ ದಿನ ನನಗೆ ‘ನಾನು ಬರ್ತೀನಿ’ ಎಂದಿದ್ದಳು. ನಾನು ಅಳಬಾರದೆಂದು. ನನ್ನಿಂದ ತಡೆಯಲಾಗಲಿಲ್ಲ. “ಅವ್ವಾ” ಎಂದು ಕೂಗಿದೆ.

ವಾಡೆ ಆ ಕೂಗನ್ನು ದೊಡ್ಡದು ಮಾಡಿ ನನ್ನ ಮುಖಕ್ಕೇ ಹಿಂತಿರುಗಿಸಿತು. ಅದು ನನ್ನದೇ ದನಿ. ನನ್ನದೂ ಅವ್ವನದೂ ಒಂದೇ ದನಿ. ಮೂವತ್ತೊಂದು ವರ್ಷದ ಮೇಲೆ ಅವ್ವನ ದನಿ ಕೇಳಿದೆ. ಅವಳು ತನ್ನ ಅವ್ವನನ್ನು ಕರೆಯುತ್ತಿದ್ದಳು.

ನಾನು ಅಲ್ಲೇ, ತಲೆ ವಾಡೆಯೊಳಗೆ ಇಟ್ಟುಕೊಂಡೇ ಅತ್ತೆ. ಅವ್ವ ಸತ್ತಳು ಎಂದು ಅವತ್ತು ಮೊದಲ ಸಲ ಅತ್ತೆ. ಅನಿತ ಬೆನ್ನು ಸವರುತ್ತಿದ್ದಳು. ಮೇಷ್ಟ್ರು ನೀರು ತಂದು, ಏನೂ ಕೇಳದೆ ಪಕ್ಕದಲ್ಲಿಟ್ಟು ಹೋದರು.

ವಾಪಸು ಬರುವಾಗ ನನಗೆ ಒಂದು ವಿಚಿತ್ರ ಯೋಚನೆ ಬಂತು. ನಾವೆಲ್ಲ ಒಬ್ಬಳೇ ಎನ್ನುವುದಕ್ಕೆ ಹೆಬ್ಬೆಟ್ಟಿಗಿಂತ ದೊಡ್ಡ ಸಾಕ್ಷಿ ಈ ಗೀಚು. ಒಬ್ಬೊಬ್ಬಳೂ ಒಂಟಿಯಾಗಿ, ಒಂದೇ ಜಾಗದಲ್ಲಿ ಕೈಯಿಟ್ಟು, ನಾನು ಅವಳಲ್ಲ ಎಂದು ಬರೆದಿದ್ದಳು. ಆಮೇಲೆ ಒಬ್ಬೊಬ್ಬಳೂ ಮಗಳ ಮೇಲಿನ ಪ್ರೀತಿಗೆ ಅದೇ ಸುಳ್ಳು ಹೇಳಿದ್ದಳು. ಆ ಪ್ರೀತಿಯೇ ಅವ್ವನನ್ನು ಆಸ್ಪತ್ರೆಗೆ ಹೋಗದಂತೆ ಮಾಡಿತು. ಅವಳ ಎದೆಯಲ್ಲಿದ್ದದ್ದೂ ಇದೇ ಕವಾಟವಲ್ಲವೇ? ಮೂವತ್ತೊಂದು ವರ್ಷದ ಹಿಂದೆಯೂ ಅದನ್ನು ಬದಲಾಯಿಸುತ್ತಿದ್ದರು ಎಂದು ಅನಿತ ಹೇಳಿದಳು. ನನಗೆ ಅವ್ವನ ಮೇಲೆ ಸಿಟ್ಟು ಬಂತು, ಆಮೇಲೆ ನನ್ನ ಮೇಲೆ. ನಮ್ಮಲ್ಲಿ ಯಾರೂ ಸಾಯುವುದಿಲ್ಲ ಎನ್ನುತ್ತಾ ಎಲ್ಲರನ್ನೂ ಸಾಯಲು ಬಿಟ್ಟಿದ್ದೆವು.

ಮನೆಗೆ ಬಂದಾಗ ಐದು ಗಂಟೆ. ಅನಿತ ಕಾರಿನಲ್ಲೇ ಉಳಿದಳು. ತ್ರಿವೇಣಿ ಆಗತಾನೆ ಕೆಲಸದಿಂದ ಬಂದು, ಚಪ್ಪರದ ಕೆಳಗೆ ಒಲೆಗಳಿಗೆ ಒದ್ದೆ ಗೋಣಿ ಹೊದಿಸುತ್ತಿದ್ದಳು.

“ಎಲ್ಲಿ ಹೋಗಿದ್ದೆ ಅಮ್ಮ? ಕಣ್ಣು ಯಾಕೆ ಹೀಗಿದೆ?”

“ಕೂತ್ಕೊ ಕಣೇ” ಎಂದೆ. ಅವಳು ಕೂರಲಿಲ್ಲ. ನಾನೂ ನಿಂತೇ ಹೇಳಿದೆ. “ನಿಮ್ಮಜ್ಜಿ ನನ್ನಲ್ಲಿ ಬರಲಿಲ್ಲ. ಯಾರೂ ಯಾರಲ್ಲೂ ಬಂದಿಲ್ಲ. ನಾನೂ ಬರಲ್ಲ.”

ಅವಳು ನಕ್ಕಳು. ತಮಾಷೆ ಎಂದುಕೊಂಡಿರಬೇಕು. ನಾನು ನಗಲಿಲ್ಲ. ವಾಡೆಗಳ ವಿಷಯ ಎಲ್ಲ ಹೇಳಿದೆ, ಕುರುಡುಮಲೆಯದು, ಗೌನಿಪಲ್ಲಿಯದು, ಅವ್ವನದು, ನನ್ನದು. ಸಣ್ಣ ಗೀರೂ ಕಂಡುಹಿಡಿಯುವ ಅವಳ ಕಣ್ಣು ನನ್ನ ಮುಖದ ಮೇಲೆ ಓಡಾಡಿತು. ಕೈಯಲ್ಲಿದ್ದ ಗೋಣಿಯನ್ನು ನೆಲಕ್ಕೆ ಬಿಟ್ಟಳು.

“ಇಪ್ಪತ್ತೇಳು ವರ್ಷ ಸುಳ್ಳು ಹೇಳಿದ್ಯಾ ಅಮ್ಮ?”

“ಹೂಂ.”

“ಹಾಗಾದ್ರೆ ನೀನು ಸತ್ರೆ... ಸತ್ತೇ ಹೋಗ್ತೀಯಾ?”

“ಹೂಂ ಕಣೇ.”

ಅವಳ ಮುಖ ಹೇಗಾಯಿತೆಂದರೆ, ಜಾತ್ರೆಯಲ್ಲಿ ಕೈ ಬಿಟ್ಟುಹೋದ ಮಗುವಿನ ಮುಖ ಹಾಗಾಗುತ್ತದೆ. ನನ್ನ ಅವ್ವ, ಅಜ್ಜಿ, ಅವರ ಅವ್ವಂದಿರು, ಎಲ್ಲರೂ ಯಾವ ಮುಖವನ್ನು ನೋಡಲಾರದೆ ಸುಳ್ಳು ಹೇಳಿದ್ದರೋ ಆ ಮುಖವನ್ನು ನಾನು ನೋಡಿದೆ. ಅವಳು ಓಡಿಬಂದು, ನನ್ನನ್ನು ತಬ್ಬಿ, ಹೋ ಎಂದು ಅತ್ತಳು. ಬೈದಳು, ಹೊಡೆದಳು, ಮತ್ತೆ ತಬ್ಬಿದಳು. ಒಳಗಿನಿಂದ ಆವಲಪ್ಪ ಬಂದು ಏನಾಯಿತೆಂದು ತಿಳಿಯದೆ ಬಾಗಿಲಲ್ಲೇ ನಿಂತ. ನಮ್ಮ ಮನೆಯಲ್ಲಿ ಹೆಣ್ಣೊಬ್ಬಳು ತಾಯಿಗಾಗಿ ಗಟ್ಟಿಯಾಗಿ ಅತ್ತದ್ದನ್ನು ಯಾರೂ ಕೇಳಿರಲಿಲ್ಲ.

ಅಳು ಪೂರ್ತಿ ನಿಲ್ಲುವ ಮುಂಚೆಯೇ ಅವಳು ಒಳಗೆ ಓಡಿ, ಆಸ್ಪತ್ರೆಯ ಚೀಟಿ ಹುಡುಕಿ ತಂದಳು. ಒಂದು ಕೈಯಿಂದ ನನ್ನ ಮುಂಗೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಮಾಡಿದಳು.

“ಹಲೋ, ಕದಿರಮ್ಮ ಅಂತ ಪೇಷೆಂಟು. ಮಗಳು ಮಾತಾಡ್ತಿರೋದು. ಹೌದು, ಸೋಮವಾರಕ್ಕೇ ಬರೆದ್ಕೊಳ್ಳಿ, ಕರ್ಕೊಂಡು ಬರ್ತೀನಿ.” ಆ ಕಡೆಯವರು ಏನೋ ಕೇಳಿದರು. ತ್ರಿವೇಣಿ ಮೂಗು ಒರೆಸಿಕೊಂಡು ಹೇಳಿದಳು. “ಇಲ್ಲ ಮೇಡಂ, ಯೋಚನೆ ಮಾಡೋಕೇನೂ ಇಲ್ಲ. ನಮ್ಮಮ್ಮ ಒಬ್ಬಳೇ ಇರೋದು. ಇನ್ನೊಬ್ಬಳು ಸಿಗಲ್ಲ.”